ಸ್ಪ್ಯಾನಿಷ್, ಇಟಾಲಿಯನ್, ಇಂಗ್ಲಿಷ್: ದಿನಬಳಕೆಯ ಪುಟ್ಟ ಮಾತುಗಳ ಅನುವಾದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮಸ್ಕಾರ, ಧನ್ಯವಾದ, ಕ್ಷಮೆ, ಹಸಿವು, ಬೀಳ್ಕೊಡುಗೆ ಇತ್ಯಾದಿ ಸಂದರ್ಭಗಳಲ್ಲಿ ಆಡುವ ಎರಡು ಮೂರು ಪದಗಳ ಮಾತುಗಳನ್ನು ಈ ಮೂರು ಭಾಷೆಗಳ ನಡುವೆ ದಾಟಿಸುವಾಗ ಕನ್ನಡಿಗರಿಗೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾನೂನು ಪತ್ರಗಳ ಅಥವಾ ಸಾಹಿತ್ಯಕೃತಿಗಳ ಅನುವಾದ ಇಲ್ಲಿನ ವಿಷಯವಲ್ಲ. ಸ್ಪ್ಯಾನಿಷ್ ಮತ್ತು ಇಟಾಲಿಯನ್ ಮಾತುಗಳನ್ನು ಉಚ್ಚಾರಣೆಗೆ ಆದಷ್ಟು ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಬರೆದಿದೆ. ಅವುಗಳಲ್ಲಿನ ತ ಮತ್ತು ದ ಅಕ್ಷರಗಳನ್ನು ಕನ್ನಡದಲ್ಲಿ ಹೇಳುವ ಹಾಗೆಯೇ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳಬೇಕು.

ಎರಡೇ ಪದಗಳ ಮಾತನ್ನು ಅನುವಾದಿಸಿ ಎಂದರೆ ಅನುವಾದಕರು ಹತ್ತು ಮರುಪ್ರಶ್ನೆ ಕೇಳುತ್ತಾರಲ್ಲ, ಏಕೆ?

ಒಂದು ಪುಟದ ಬರಹದಲ್ಲಿ ಯಾರು ಯಾರಿಗೆ, ಎಲ್ಲಿ, ಯಾವಾಗ ಹೇಳುತ್ತಿದ್ದಾರೆ ಎಂಬುದು ಹೇಗಾದರೂ ಗೊತ್ತಾಗುತ್ತದೆ. ಪುಟ್ಟ ಮಾತಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಇಂಗ್ಲಿಷಿನ ‘ಹೌ ಆರ್ ಯೂ’ ಎಂಬುದನ್ನೇ ತೆಗೆದುಕೊಳ್ಳೋಣ. ಸ್ಪ್ಯಾನಿಷಿನಲ್ಲಿ ಆಪ್ತರೊಬ್ಬರಿಗೆ ‘ಕೋಮೊ ಎಸ್ತಾಸ್’, ಗೌರವ ಕೊಡಬೇಕಾದ ಒಬ್ಬರಿಗೆ ‘ಕೋಮೊ ಎಸ್ತಾ ಉಸ್ತೇದ್’, ಹಲವರಿಗೆ ‘ಕೋಮೊ ಎಸ್ತಾನ್’, ಸ್ಪೇನಿನಲ್ಲಿ ಆಪ್ತರಾದ ಹಲವರಿಗೆ ‘ಕೋಮೊ ಎಸ್ತಾಯ್ಸ್’ ಎನ್ನಬೇಕು. ಇಟಾಲಿಯನ್ನಿನಲ್ಲಿ ‘ಕೋಮೆ ಸ್ತಾಯ್’, ‘ಕೋಮೆ ಸ್ತಾ’, ‘ಕೋಮೆ ಸ್ತಾತೆ’ ಎಂಬ ಮೂರು ರೂಪಗಳಿವೆ. ಕೇಳುವವರು ಇಂಗ್ಲಿಷ್ ಮಾತನ್ನಷ್ಟೇ ಕೊಟ್ಟರೆ ಇವುಗಳಲ್ಲಿ ಒಂದನ್ನು ಆರಿಸಲು ಅನುವಾದಕರಿಗೆ ಆಧಾರವಿರುವುದಿಲ್ಲ. ‘ಹೇಗಿದ್ದೀಯ’ ಎಂದೋ ‘ಹೇಗಿದ್ದೀರಿ’ ಎಂದೋ ಕನ್ನಡದಲ್ಲಿ ಹೇಳಿದರೆ ಅರ್ಧ ಆಧಾರ ಅದರಲ್ಲೇ ಸಿಕ್ಕಿಬಿಡುತ್ತದೆ. ಈ ಎರಡು ಭಾಷೆಗಳಿಗೆ ಕನ್ನಡದಿಂದ ನೇರವಾಗಿ ಹೋಗಲು ಸಾಧ್ಯವಿರುವಲ್ಲೆಲ್ಲ ಇಂಗ್ಲಿಷನ್ನು ನಡುವೆ ತರದಿರುವುದು ಒಳ್ಳೆಯದು ಎಂಬುದು ಈ ಲೇಖಕರ ಅಭಿಪ್ರಾಯ.

ಹಾಗಾದರೆ ‘ನೀನು’ ಎಂದಲ್ಲಿ ಎರಡು ಭಾಷೆಗಳಲ್ಲೂ ‘ತೂ’, ‘ನೀವು’ ಎಂದಲ್ಲಿ ಸ್ಪ್ಯಾನಿಷಿನ ‘ಉಸ್ತೇದ್’ ಅಥವಾ ಇಟಾಲಿಯನ್ನಿನ ‘ಲೇಯ್’ ಎಂದು ಹಾಕಿದರೆ ಸಾಕೇ?

ವ್ಯಾಕರಣದ ಮಟ್ಟಿಗೆ ಸರಿ, ಬಳಕೆಯ ಮಟ್ಟಿಗೆ ಸಾಲದು. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಎನ್ನುವ ವಾಡಿಕೆಯಿದೆ. ಇಂದಿನ ಸ್ಪೇನ್ ಮತ್ತು ಇಟಲಿಯ ಮನೆಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ‘ತೂ’ ಎನ್ನುತ್ತಾರೆ. ಅಪ್ಪನಿಗೆ ಬರೆದ ಶುಭಾಶಯ ಪತ್ರದಲ್ಲಿ ‘ಲೇಯ್’ ಬಳಸಿದರೆ ಮಗ ಮುನಿಸಿಕೊಂಡು ದೂರ ನಿಂತು ಬರೆದಂತೆ ಕೇಳಿಸುತ್ತದೆ. ಸ್ಪೇನಿನಲ್ಲಿ ಅಂಗಡಿಯ ಹುಡುಗ ಗಿರಾಕಿಗೆ ‘ತೂ’ ಎಂದರೆ ಅಗೌರವವೆಂದು ಸಾಮಾನ್ಯವಾಗಿ ಯಾರೂ ತಿಳಿಯುವುದಿಲ್ಲ. ಇಟಲಿಯಲ್ಲಿ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಪರಿಚಯವಿಲ್ಲದ ವಯಸ್ಕರಿಗೆ ‘ಲೇಯ್’ ಎನ್ನುವುದೇ ಕ್ರಮ. ಕೊಲಂಬಿಯಾದ ಕೆಲವು ಕಡೆ ಮನೆಯವರು ಮನೆಯವರಿಗೂ ‘ಉಸ್ತೇದ್’ ಎನ್ನುತ್ತಾರೆ. ಅರ್ಜೆಂಟೀನಾದಲ್ಲಿ ಆಪ್ತರಿಗೆ ‘ತೂ’ ಬದಲು ‘ವೋಸ್’ ಬರುತ್ತದೆ, ಅದಕ್ಕೆ ತಕ್ಕಂತೆ ಕ್ರಿಯಾಪದವೂ ಬದಲಾಗುತ್ತದೆ.

‘ಉಸ್ತೇದ್’ ಮತ್ತು ‘ಲೇಯ್’ ಎರಡೂ ಎದುರಿಗಿರುವವರನ್ನು ಕುರಿತ ಮಾತಾದರೂ ಅವುಗಳ ಕ್ರಿಯಾಪದ ಪ್ರಥಮ ಪುರುಷದ್ದು, ಎಂದರೆ ಅವನು, ಅವಳು ಎಂಬವಕ್ಕೆ ಬರುವಂಥದ್ದು. ‘ಉಸ್ತೇದ್’ ಎಂಬುದು ‘ವ್ವೇಸ್ತ್ರಾ ಮೆರ್ಸೇದ್’, ಅಂದರೆ ‘ತಮ್ಮ ಕೃಪೆ’ ಎಂಬ ಹಳೆಯ ಸಂಬೋಧನೆ ಸವೆದು ಉಳಿದ ರೂಪ. ‘ಲೇಯ್’ ಎಂದರೆ ‘ಅವಳು’ ಎಂದೂ ಅರ್ಥವಿದೆ. ಸ್ತ್ರೀಲಿಂಗದ ಗೌರವವಾಚಕವೊಂದನ್ನು ಸೂಚಿಸುವ ಸರ್ವನಾಮವಾಗಿ ಅದು ಗಂಡಸರಿಗೂ ಸಂದಿತು. ನಮ್ಮ ಮಠಗಳಲ್ಲಿ ಗುರುಗಳನ್ನು ‘ಸನ್ನಿಧಾನ’ ಎನ್ನುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು. ಮುಸೊಲಿನಿಯ ಸರ್ಕಾರ 1938ರಲ್ಲಿ ‘ಲೇಯ್’ ಬಳಕೆಯನ್ನೇ ನಿಷೇಧಿಸಿ, ಅದರ ಜಾಗದಲ್ಲಿ ಹಲವರನ್ನು ಕುರಿತು ಹೇಳುವ ‘ವೋಯ್’ ಬರಬೇಕೆಂದು ವಿಧಿಸಿತ್ತು. ಯುದ್ಧ ಮುಗಿದ ಮೇಲೆ ‘ಲೇಯ್’ ಮರಳಿ ಬಂತು. ದಕ್ಷಿಣ ಇಟಲಿಯಲ್ಲಿ ಮಾತ್ರ ಹಿರಿಯರೊಬ್ಬರಿಗೆ ‘ವೋಯ್’ ಎನ್ನುವ ಹಳೆಯ ರೂಢಿ ಇಂದಿಗೂ ಕಿವಿಗೆ ಬೀಳುತ್ತದೆ.

‘ಗುಡ್ ನೈಟ್’ ಎಂಬುದಕ್ಕೆ ‘ಬ್ವೆನಾಸ್ ನೋಚೆಸ್’, ‘ಬ್ವೊನನೊತ್ತೆ’ ಎರಡೂ ಸಮವೇ?

ಅಲ್ಲ. ಸ್ಪ್ಯಾನಿಷಿನ ‘ಬ್ವೆನಾಸ್ ನೋಚೆಸ್’ ಬರುವಾಗಲೂ ಹೋಗುವಾಗಲೂ ಹೇಳುವ ಮಾತು. ರಾತ್ರಿ ಒಂಬತ್ತಕ್ಕೆ ಹೋಟೆಲಿನ ಒಳಗೆ ಕಾಲಿಡುತ್ತ ಅದನ್ನೇ ಹೇಳುತ್ತಾರೆ. ಇಟಲಿಯಲ್ಲಿ ಹಾಗೆ ಒಳಬಂದು ‘ಬ್ವೊನನೊತ್ತೆ’ ಎಂದರೆ ಬಂದವರು ಮಲಗಲು ಹೊರಟಿದ್ದಾರೆ ಎಂದಾಗುತ್ತದೆ. ಅಲ್ಲಿ ‘ಬ್ವೊನಸೇರ’ ಎನ್ನಬೇಕು. ಈ ‘ಬ್ವೊನಸೇರ’ ಯಾವ ಹೊತ್ತಿಗೆ ಶುರುವಾಗುತ್ತದೆ ಎಂಬುದು ಊರಿನಿಂದ ಊರಿಗೆ ಬೇರೆ. ಟಸ್ಕನಿಯಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಲೇ ಅದು ಕೇಳಿಬರುತ್ತದೆ. ‘ಚಾವೋ’ ಬಗ್ಗೆಯೂ ಒಂದು ಮಾತು: ಇಟಲಿಯಲ್ಲಿ ಅದು ಬರುವಾಗಲೂ ಹೋಗುವಾಗಲೂ ನಡೆಯುತ್ತದೆ, ಆದರೆ ‘ತೂ’ ಎನ್ನುವಷ್ಟು ಸಲುಗೆ ಇರುವವರಿಗೆ ಮಾತ್ರ. ಅರ್ಜೆಂಟೀನಾಕ್ಕೆ ಹೋದ ಅದೇ ಮಾತು ಅಲ್ಲಿ ಹೋಗುವಾಗಿನ ಮಾತಾಗಿ ಮಾತ್ರ ಉಳಿದಿದೆ.

‘ಎಕ್ಸ್‌ಕ್ಯೂಸ್ ಮಿ’ ಮತ್ತು ‘ಸಾರಿ’ ಇವಕ್ಕೆ ಸರಿಯಾದ ಮಾತು ಯಾವುದು?

ಒಂದೇ ಮಾತು ಸಾಲುವುದಿಲ್ಲ. ಇಟಲಿಯ ನಗರವೊಂದರಲ್ಲಿ ಜನ ತುಂಬಿದ ಬಸ್ಸನ್ನು ಊಹಿಸಿಕೊಳ್ಳಿ. ಇಳಿಯಬೇಕಾದವರು ಮುಂದೆ ನಿಂತವರನ್ನು ‘ಶೆಂದೆ?’, ಅಂದರೆ ‘ಇಳೀತೀರಾ?’ ಎಂದು ಕೇಳುತ್ತಾರೆ. ಅವರು ಇಳಿಯುವುದಿಲ್ಲವೆಂದರೆ ‘ಪೆರ್ಮೆಸ್ಸೊ’ ಎಂದು ದಾರಿ ಮಾಡಿಕೊಳ್ಳುತ್ತಾರೆ. ಯಾರದೋ ಕಾಲು ತುಳಿದರೆ ‘ಮಿ ಸ್ಕೂಜಿ’ ಎನ್ನುತ್ತಾರೆ. ಕೆಳಗಿಳಿದು ದಾರಿ ಕೇಳಬೇಕಾದಾಗ ‘ಸ್ಕೂಜಿ’ ಎಂದೇ ಮಾತು ತೆಗೆಯುತ್ತಾರೆ. ಕೊನೆಗೆ ಹೋಗಬೇಕಾದ ಮನೆ ತಲುಪಿ, ಬಾಗಿಲು ತೆರೆದು ನಿಂತ ಮನೆಯವರ ಎದುರಿನಲ್ಲೇ ಮತ್ತೊಮ್ಮೆ ‘ಪೆರ್ಮೆಸ್ಸೊ?’ ಎಂದು ಕೇಳಿ ಹೊಸ್ತಿಲು ದಾಟುತ್ತಾರೆ. ‘ಬರಬಹುದಾ?’ ಎಂಬ ನಮ್ಮ ಕಡೆಯ ಉಪಚಾರದ ಪ್ರಶ್ನೆ ಇದು. ಉತ್ತರ ‘ಅವಾಂತಿ’ ಅಥವಾ ‘ಪ್ರೇಗೊ’.

ಮೆಕ್ಸಿಕೊದಲ್ಲಿ ಜನರ ನಡುವೆ ದಾಟುವಾಗ ‘ಕೋನ್ ಪೆರ್ಮಿಸೊ’ ಎನ್ನುತ್ತಾರೆ. ಸ್ಪೇನಿನಲ್ಲಿ ಅದೇ ಸಂದರ್ಭಕ್ಕೆ ‘ಪೆರ್ದೋನ್’ ಹೆಚ್ಚು ಕೇಳಿಸುತ್ತದೆ. ಅಪರಿಚಿತರನ್ನು ನಿಲ್ಲಿಸಿ ಏನನ್ನಾದರೂ ಕೇಳಲು ‘ದಿಸ್ಕೂಲ್ಪೆ’ ಎನ್ನಬಹುದು. ಸಾವಿನ ಮನೆಯಲ್ಲಿ ಇಂಗ್ಲಿಷಿನವರು ಹೇಳುವ ‘ಸಾರಿ’ ಬೇರೆಯೇ ಆದದ್ದು. ಅದು ತಪ್ಪೊಪ್ಪಿಗೆಯಲ್ಲ, ದುಃಖದಲ್ಲಿ ಭಾಗಿಯಾಗುವ ಮಾತು. ಅಲ್ಲಿ ‘ಪೆರ್ದೋನ್’ ಅಥವಾ ‘ಸ್ಕೂಜಿ’ ಎಂದರೆ ಸತ್ತವರ ವಿಷಯದಲ್ಲಿ ಹೇಳಿದವರದೇ ಏನೋ ತಪ್ಪಿದೆ ಎಂಬಂತಾದೀತು. ಸ್ಪ್ಯಾನಿಷಿನಲ್ಲಿ ‘ಲೊ ಸ್ಯೆಂತೊ ಮೂಚೊ’, ಇಟಾಲಿಯನ್ನಿನಲ್ಲಿ ‘ಮಿ ದಿಸ್‌ಪ್ಯಾಚೆ’ ಅಥವಾ ಇನ್ನೂ ವಿಧಿವತ್ತಾಗಿ ‘ಕೊಂದೊಲ್ಯಾಂತ್ಸೆ’ ಎನ್ನಬೇಕು.

ಕಾಫಿ ಕೇಳುವಾಗ ‘ಪ್ಲೀಸ್’ ಕಡ್ಡಾಯವೇ?

ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಕಡ್ಡಾಯ. ‘ಒಂದು ಕಾಫಿ ಕೊಡಿ’ ಎಂಬ ಕನ್ನಡದ ಮಾತಿನಲ್ಲಿ ಮರ್ಯಾದೆಯು ಕ್ರಿಯಾಪದದ ಕೊನೆಯಲ್ಲೇ ಕೂತಿದೆ. ದರ್ಶಿನಿಯ ಕೌಂಟರಿನಲ್ಲಿ ‘ದಯವಿಟ್ಟು’ ಸೇರಿಸಿದರೆ ಸೂಚನಾ ಫಲಕವನ್ನು ಓದಿ ಹೇಳಿದಂತಿರುತ್ತದೆ. ಸ್ಪೇನಿನ ವಾಡಿಕೆ ನಮ್ಮದಕ್ಕೆ ಹತ್ತಿರ. ‘ಮೆ ಪೋನೆ ಉನ್ ಕಫೆ?’ ಎಂದರೆ ‘ನನಗೊಂದು ಕಾಫಿ ಕೊಡ್ತೀರಾ?’ ಎಂದಷ್ಟೇ, ಅದಕ್ಕೆ ‘ಪೋರ್ ಫಾವೋರ್’ ಸೇರಿಸಿದರೂ ಸರಿ, ಬಿಟ್ಟರೂ ಒರಟಾಗುವುದಿಲ್ಲ. ಇಂಗ್ಲಿಷಿನ ‘ಕ್ಯಾನ್ ಐ ಹ್ಯಾವ್’ ಎಂಬುದನ್ನು ಪದಶಃ ಸ್ಪ್ಯಾನಿಷಿಗೆ ತಂದರೆ ಅರ್ಥವಾಗುತ್ತದೆ, ಆದರೆ ಪರಭಾಷೆಯವರ ಮಾತೆಂಬುದು ತಕ್ಷಣ ತಿಳಿಯುತ್ತದೆ. ಕೊಲಂಬಿಯಾದಲ್ಲಿ ‘ಮೆ ರೆಗಾಲಾ ಉನ್ ಕಫೆ?’ ಎನ್ನುತ್ತಾರೆ. ಅದರ ಅಕ್ಷರಾರ್ಥ ‘ಕಾಫಿಯನ್ನು ಉಡುಗೊರೆ ಕೊಡುತ್ತೀರಾ’ ಎಂದಾದರೂ ದುಡ್ಡು ಕೊಡಲೇಬೇಕು.

ಇಟಲಿಯಲ್ಲಿ ‘ಉನ್ ಕಫ್ಫೆ, ಪೆರ್ ಫವೋರೆ’ ಎಂದರೆ ಬರುವುದು ಚಿಕ್ಕ ಬಟ್ಟಲಿನ ಎಸ್ಪ್ರೆಸೊ. ‘ಲಾತ್ತೆ’ ಎಂದು ಮಾತ್ರ ಹೇಳಿದರೆ ಬರುವುದು ಬರೀ ಹಾಲು. ಹಾಲು ಬೆರೆತ ಕಾಫಿ ಬೇಕಾದವರು ‘ಕಫ್ಫೆಲಾತ್ತೆ’ ಎಂದು ಪೂರ್ತಿ ಹೇಳಬೇಕು.

‘ಪ್ರೇಗೊ’ ಎಂಬುದಕ್ಕೆ ಎಷ್ಟು ಅರ್ಥಗಳು?

ಧನ್ಯವಾದಕ್ಕೆ ಪ್ರತಿಯಾಗಿ ಅದೇ, ‘ಒಳಗೆ ಬನ್ನಿ’ ಎನ್ನಲೂ ಅದೇ, ‘ನೀವು ಮೊದಲು ಹೋಗಿ’, ‘ಕೂತುಕೊಳ್ಳಿ’, ‘ಏನು ಬೇಕು ಹೇಳಿ’ ಎನ್ನಲೂ ಅದೇ. ಸ್ಪ್ಯಾನಿಷಿಗೆ ಬರುವಾಗ ಇವು ‘ದೆ ನಾದಾ’, ‘ಪಾಸೆ’, ‘ದೀಗಾಮೆ’ ಎಂದು ಬೇರೆ ಬೇರೆಯಾಗುತ್ತವೆ.

‘ನನಗೆ ಹಸಿವಾಗಿದೆ’, ‘ನನಗೆ ಇಷ್ಟ’ ಇವುಗಳನ್ನು ಹೇಗೆ ಹೇಳಬೇಕು?

ಕನ್ನಡಿಗರಿಗೆ ಇಲ್ಲಿ ಇಂಗ್ಲಿಷಿನವರಿಗಿಂತ ದಾರಿ ಸಲೀಸು. ಇಂಗ್ಲಿಷ್ ‘ಐ ಲೈಕ್’ ಎಂದು ‘ನಾನು’ ಎಂಬುದನ್ನು ಕರ್ತೃವಾಗಿ ಮುಂದೆ ನಿಲ್ಲಿಸುತ್ತದೆ. ಸ್ಪ್ಯಾನಿಷಿನ ‘ಮೆ ಗುಸ್ತಾ’, ಇಟಾಲಿಯನ್ನಿನ ‘ಮಿ ಪ್ಯಾಚೆ’ ಎರಡೂ ‘ನನಗೆ ಇಷ್ಟವಾಗುತ್ತದೆ’ ಎಂಬ ನಮ್ಮ ಚತುರ್ಥಿ ವಿಭಕ್ತಿಯ ಕಟ್ಟನ್ನೇ ಹೋಲುತ್ತವೆ. ಇಷ್ಟವಾಗುವ ವಸ್ತುಗಳು ಹಲವಾದರೆ ಕ್ರಿಯಾಪದವೂ ಬಹುವಚನಕ್ಕೆ ತಿರುಗಿ ‘ಮೆ ಗುಸ್ತಾನ್’, ‘ಮಿ ಪ್ಯಾಚೊನೊ’ ಆಗುತ್ತದೆ. ‘ನನಗೆ ಈ ಹಾಡುಗಳು ಇಷ್ಟವಾಗುತ್ತವೆ’ ಎನ್ನುವವರಿಗೆ ಈ ನಿಯಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ‘ನನಗೆ ತಲೆ ನೋಯುತ್ತಿದೆ’ ಎಂಬುದೂ ಹಾಗೆಯೇ ‘ಮೆ ದ್ವೇಲೆ ಲಾ ಕಬೇಸಾ’, ‘ಮಿ ಫಾ ಮಾಲೆ ಲಾ ತೆಸ್ತಾ’ ಎಂದಾಗುತ್ತದೆ. ಎರಡರಲ್ಲೂ ‘ನನ್ನ ತಲೆ’ ಎನ್ನುವುದಿಲ್ಲ. ‘ನಿನ್ನ ನೆನಪಾಗುತ್ತಿದೆ’ ಎಂಬುದಕ್ಕೆ ಇಟಾಲಿಯನ್ನಿನಲ್ಲಿ ‘ಮಿ ಮಾಂಕಿ’, ಎಂದರೆ ‘ನೀನು ನನಗೆ ಇಲ್ಲವಾಗಿದ್ದೀಯೆ’ ಎಂಬಂಥ ಕಟ್ಟು; ಇಂಗ್ಲಿಷಿನ ಮೂಲಕ ಬಂದವರು ಇಲ್ಲಿ ಯಾರು ಯಾರನ್ನು ನೆನೆಯುತ್ತಿದ್ದಾರೆ ಎಂಬುದನ್ನೇ ತಿರುಗುಮುರುಗು ಮಾಡಿಬಿಡುತ್ತಾರೆ.

ಹಸಿವು, ಬಾಯಾರಿಕೆ, ಸೆಕೆ, ಚಳಿ, ವಯಸ್ಸು ಇವೆಲ್ಲ ಆ ಎರಡು ಭಾಷೆಗಳಲ್ಲಿ ‘ಹೊಂದಿರುವ’ ಸಂಗತಿಗಳು: ‘ತೆಂಗೊ ಆಂಬ್ರೆ’, ‘ಓ ಫಾಮೆ’. ಸೆಕೆಯ ವಿಷಯದಲ್ಲಿ ಎಚ್ಚರ ಬೇಕು. ಸ್ಪ್ಯಾನಿಷಿನಲ್ಲಿ ‘ತೆಂಗೊ ಕಲೋರ್’ ಎನ್ನಬೇಕೇ ಹೊರತು, ಇಂಗ್ಲಿಷನ್ನು ಅನುಸರಿಸಿ ‘ಎಸ್ತೋಯ್ ಕಾಲ್ಯೆಂತೆ’ ಎಂದರೆ ಅದು ಸಭ್ಯರ ನಡುವೆ ಆಡುವ ಮಾತಾಗುವುದಿಲ್ಲ.

ಸ್ಪ್ಯಾನಿಷಿನಲ್ಲಿ ‘ಇರು’, ‘ಆಗಿರು’ ಎಂಬರ್ಥದ ಎರಡು ಕ್ರಿಯಾಪದಗಳಲ್ಲಿ ‘ಸೇರ್’ ಯಾವಾಗ, ‘ಎಸ್ತಾರ್’ ಯಾವಾಗ? ಇಟಾಲಿಯನ್ನಿನಲ್ಲೂ ಇದೇ ನಿಯಮವೇ?

ಶಾಶ್ವತವಾದದ್ದಕ್ಕೆ ‘ಸೇರ್’, ತಾತ್ಕಾಲಿಕವಾದದ್ದಕ್ಕೆ ‘ಎಸ್ತಾರ್’ ಎಂದು ಪಠ್ಯಪುಸ್ತಕಗಳು ಹೇಳುವುದುಂಟು. ಆದರೆ ‘ಸತ್ತಿದ್ದಾರೆ’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಎಸ್ತಾ ಮ್ವೆರ್ತೊ’ ಎನ್ನುತ್ತಾರೆ. ಸಾವಿಗಿಂತ ಶಾಶ್ವತವಾದದ್ದು ಇನ್ನೇನಿದೆ? ಕನ್ನಡಿಗರು ಬೇರೊಂದು ಸುಳಿವನ್ನು ಹಿಡಿಯಬಹುದು. ‘ಅವರು ಮೇಷ್ಟ್ರು’ ಎನ್ನುವಾಗ ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ಸ್ಪ್ಯಾನಿಷಿನಲ್ಲಿ ‘ಸೇರ್’ ಬರುತ್ತದೆ. ‘ಮನೆಯಲ್ಲಿದ್ದಾರೆ’, ‘ಸುಸ್ತಾಗಿದ್ದಾರೆ’, ‘ಸತ್ತಿದ್ದಾರೆ’ ಎಂದು ‘ಇರು’ ಧಾತು ಬರುವ ಕಡೆ ಬಹುಮಟ್ಟಿಗೆ ‘ಎಸ್ತಾರ್’. ‘ಮದುವೆ ಎಲ್ಲಿ?’ ಎಂಬ ಪ್ರಶ್ನೆಗೆ ‘ಸೇರ್’, ‘ಮದುಮಗ ಎಲ್ಲಿದ್ದಾನೆ?’ ಎಂಬುದಕ್ಕೆ ‘ಎಸ್ತಾರ್’. ಎಲ್ಲ ಸಂದರ್ಭಕ್ಕೂ ಒಪ್ಪುವ ನಿಯಮ ಇದಲ್ಲವಾದರೂ ದಿನಬಳಕೆಯ ಮಾತುಗಳಿಗೆ ಚೆನ್ನಾಗಿಯೇ ಒದಗುತ್ತದೆ.

ಇಟಾಲಿಯನ್ನಿನಲ್ಲಿ ಈ ಹಂಚಿಕೆ ಇಲ್ಲ. ಸುಸ್ತಿಗೂ ಸ್ಥಳಕ್ಕೂ ‘ಎಸ್ಸೆರೆ’ ಸಾಕು. ‘ಸ್ತಾರೆ’ ಎಂಬುದು ‘ಸ್ತೊ ಬೆನೆ’, ಅಂದರೆ ‘ಚೆನ್ನಾಗಿದ್ದೇನೆ’ ಎನ್ನುವಂಥ ಕೆಲವು ಕಡೆ ಮಾತ್ರ. ಸ್ಪ್ಯಾನಿಷ್ ಕಲಿತು ಇಟಾಲಿಯನ್ನಿಗೆ ಬಂದವರು ಇಲ್ಲಿ ಹೆಚ್ಚು ಎಡವುತ್ತಾರೆ.

ಎರಡೂ ಲ್ಯಾಟಿನ್ನಿನ ಮಕ್ಕಳಲ್ಲವೇ? ಒಂದು ಬಂದರೆ ಇನ್ನೊಂದು ಬಂದಂತೆಯೇ?

ಓದಿ ಅರ್ಥ ಮಾಡಿಕೊಳ್ಳಲು ಬಹಳ ಸಹಾಯವಾಗುತ್ತದೆ, ನಿಜ. ಆದರೆ ಕೇಳಲು ಒಂದೇ ತರಹ ಇದ್ದು ಅರ್ಥ ಬೇರೆಯಾದ ಪದಗಳು ಹೆಚ್ಚಾಗಿ ಸಿಗುವುದು ಅಡುಗೆಮನೆ, ಬಸ್ ನಿಲ್ದಾಣಗಳಲ್ಲೇ. ‘ಬುರ್ರೊ’ ಎಂದರೆ ಇಟಲಿಯಲ್ಲಿ ಬೆಣ್ಣೆ, ಸ್ಪೇನಿನಲ್ಲಿ ಕತ್ತೆ. ಇಟಲಿಯ ‘ಗಾಂಬಾ’ ಕಾಲು, ಸ್ಪೇನಿನ ‘ಗಾಂಬಾ’ ಸಿಗಡಿ. ಇಟಲಿಯ ‘ಅಚೇತೊ’ ವಿನೆಗರ್ ಆದರೆ ಅದರಂತೆಯೇ ಕೇಳಿಸುವ ಸ್ಪ್ಯಾನಿಷಿನ ‘ಅಸೇಯ್ತೆ’ ಎಣ್ಣೆ. ‘ಸಾಲೀರೆ’ ಇಟಾಲಿಯನ್ನಿನಲ್ಲಿ ಹತ್ತುವುದು, ‘ಸಾಲಿರ್’ ಸ್ಪ್ಯಾನಿಷಿನಲ್ಲಿ ಹೊರಡುವುದು. ಬಸ್ಸಿನ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ‘ಪ್ರೀಮೊ’ ಇಟಲಿಯಲ್ಲಿ ಮೊದಲನೆಯವನು, ಸ್ಪೇನಿನಲ್ಲಿ ದಾಯಾದಿಯೋ ಸೋದರತ್ತೆಯ ಮಗನೋ. ‘ಪ್ರೋಂತೊ’ ಇಟಾಲಿಯನ್ನಿನಲ್ಲಿ ‘ಸಿದ್ಧ’ ಎಂದು, ಫೋನ್ ಎತ್ತಿದಾಗ ‘ಹಲೋ’ ಎಂದು. ಸ್ಪ್ಯಾನಿಷಿನಲ್ಲಿ ‘ಬೇಗ’ ಎಂದು. ಇಟಾಲಿಯನ್ ಹೆಂಗಸು ‘ಇಂಬಾರಾತ್ಸಾತಾ’ ಎಂದರೆ ಮುಜುಗರಗೊಂಡಿದ್ದಾಳೆ. ಸ್ಪ್ಯಾನಿಷ್ ಹೆಂಗಸು ‘ಎಂಬಾರಾಸಾದಾ’ ಎಂದರೆ ಬಸುರಿ.

ಅಕ್ಷರವೊಂದೇ ಸಾಕು ಮೋಸಹೋಗಲು. ಇಟಲಿಯ ನಲ್ಲಿಯ ಮೇಲೆ ರೋಮನ್ ಲಿಪಿಯ ‘ಸಿ’ ಇದ್ದರೆ ಅದು ‘ಕಾಲ್ದೊ’, ಬಿಸಿನೀರು. ಸ್ಪೇನಿನಲ್ಲೂ ‘ಕಾಲ್ಯೆಂತೆ’, ಬಿಸಿಯೇ. ಇಂಗ್ಲಿಷಿನ ‘ಕೋಲ್ಡ್’ ಎಂದುಕೊಂಡು ತಿರುಗಿಸಿದರೆ ಕೈ ಸುಡುತ್ತದೆ. ಇನ್ನು ‘ಕಾಲ್ದೊ’ ಎಂದೇ ಸ್ಪೇನಿನ ಹೋಟೆಲಿನಲ್ಲಿ ಕೇಳಿದರೆ ಸಾರಿನಂಥ ತಿಳಿಯಾದ ಸೂಪು ಬರುತ್ತದೆ. ಚಾವಿ, ಮೇಜು, ಪಾದ್ರಿ ಮುಂತಾಗಿ ಪೋರ್ಚುಗೀಸರಿಂದ ಕನ್ನಡಕ್ಕೆ ಬಂದ ಪದಗಳ ಒಡಹುಟ್ಟುಗಳು ಮಾತ್ರ ನಂಬಿಕೆಗೆ ಅರ್ಹ: ಸ್ಪ್ಯಾನಿಷಿನ ‘ಮೇಸಾ’ ಮೇಜೇ, ಇಟಾಲಿಯನ್ನಿನ ‘ಕ್ಯಾವೆ’ ಚಾವಿಯೇ.

‘ಐ ಲವ್ ಯೂ’ ಎಂಬುದನ್ನು ಉಡುಗೊರೆಯ ಮೇಲೆ ಬರೆಸಬೇಕು. ಯಾವುದು ಸರಿ?

ಯಾರಿಗೆ ಎಂಬುದನ್ನು ಅವಲಂಬಿಸಿದೆ. ಇಟಾಲಿಯನ್ನಿನಲ್ಲಿ ‘ತಿ ಆಮೊ’ ಪ್ರೇಮಿಗಳ, ಗಂಡಹೆಂಡಿರ ಮಾತು. ಅಮ್ಮ, ತಂಗಿ, ಗೆಳೆಯರಿಗೆ ‘ತಿ ವೋಲ್ಯೊ ಬೆನೆ’. ಪ್ರೇಮ ನಿವೇದನೆಗೆ ‘ತಿ ವೋಲ್ಯೊ ಬೆನೆ’ ಎಂದು ಉತ್ತರ ಬಂದರೆ, ಅದು ಒಲವಿನ ನಿರಾಕರಣೆಯೇ ಇರಬಹುದು. ಸ್ಪ್ಯಾನಿಷಿನ ‘ತೆ ಕ್ಯೇರೊ’ ಇಷ್ಟು ಕಟ್ಟುನಿಟ್ಟಾಗಿಲ್ಲ. ಸ್ಪೇನಿನಲ್ಲಿ ಮಗುವಿಗೂ ಅದೇ, ಹೆಂಡತಿಗೂ ಅದೇ. ‘ತೆ ಆಮೊ’ ಅಲ್ಲಿ ಹೆಚ್ಚು ತೂಕದ, ತುಸು ನಾಟಕೀಯವಾಗಿ ಕೇಳಿಸಬಹುದಾದ ಮಾತು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ‘ತೆ ಆಮೊ’ ಹೆಚ್ಚು ಸಹಜವಾಗಿ ಬಳಕೆಯಲ್ಲಿದೆ. ಆದ್ದರಿಂದ ‘ತೆ ಕ್ಯೇರೊ’ ಎಂಬುದನ್ನು ಇಟಾಲಿಯನ್ನಿಗೆ ತರುವವರು ಸಂಬಂಧ ಯಾವುದೆಂದು ಕೇಳದೆ ಮುಂದುವರಿಯಲಾಗದು.

ಹೇಳುವವರು ಗಂಡಸೋ ಹೆಂಗಸೋ ಎಂದು ಏಕೆ ಕೇಳುತ್ತಾರೆ?

‘ಸುಸ್ತಾಗಿದೆ’ ಎಂದು ಕನ್ನಡದಲ್ಲಿ ಯಾರು ಹೇಳಿದರೂ ಒಂದೇ. ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಗಂಡಸು ‘ಕನ್ಸಾದೊ’, ‘ಸ್ತಾಂಕೊ’ ಎಂದರೆ ಹೆಂಗಸು ‘ಕನ್ಸಾದಾ’, ‘ಸ್ತಾಂಕಾ’ ಎನ್ನಬೇಕು. ಸ್ವಾಗತಿಸುವಾಗ ಬರುವವರ ಲಿಂಗವೂ ಸಂಖ್ಯೆಯೂ ಬೇಕು: ಇಟಾಲಿಯನ್ನಿನಲ್ಲಿ ‘ಬೆನ್ವೆನೂತೊ’, ‘ಬೆನ್ವೆನೂತಾ’, ‘ಬೆನ್ವೆನೂತಿ’, ‘ಬೆನ್ವೆನೂತೆ’. ಮಿಶ್ರ ಗುಂಪಿಗೆ ಪುಲ್ಲಿಂಗ ಬಹುವಚನವೇ ರೂಢಿ. ಧನ್ಯವಾದದ ‘ಗ್ರಾಸ್ಯಾಸ್’, ‘ಗ್ರಾತ್ಸಿಯೆ’ ಮಾತ್ರ ಬದಲಾಗುವುದಿಲ್ಲ.

ಊಟಕ್ಕೆ, ಪರೀಕ್ಷೆಗೆ, ಸೀನಿಗೆ ಹೇಳುವ ಹಾರೈಕೆಗಳು?

ಊಟಕ್ಕೆ ಕೂತವರಿಗೆ ಇಟಲಿಯಲ್ಲಿ ‘ಬ್ವೊನ್ ಅಪ್ಪೆತೀತೊ’, ಸ್ಪ್ಯಾನಿಷಿನಲ್ಲಿ ‘ಬ್ವೆನ್ ಪ್ರೊವೇಚೊ’. ಇಂಗ್ಲಿಷಿನಲ್ಲಿ ಇದಕ್ಕೆ ಹುಟ್ಟಿನಿಂದ ಬಂದ ಮಾತೇ ಇಲ್ಲದೆ ಫ್ರೆಂಚಿನಿಂದ ಕಡ ತಂದಿದ್ದಾರೆ. ಪರೀಕ್ಷೆಗೆ ಹೊರಟವರಿಗೆ ಇಟಾಲಿಯನ್ನರು ‘ಇನ್ ಬೊಕ್ಕಾ ಆಲ್ ಲೂಪೊ’, ‘ತೋಳದ ಬಾಯಿಗೆ’ ಎನ್ನುತ್ತಾರೆ. ಪ್ರತಿಯಾಗಿ ‘ಗ್ರಾತ್ಸಿಯೆ’ ಎನ್ನದೆ ‘ಕ್ರೇಪಿ’, ‘ಸಾಯಲಿ’ ಎನ್ನುವುದು ಹಳೆಯ ಕ್ರಮ. ಸ್ಪ್ಯಾನಿಷಿಗೆ ತರುವಾಗ ತೋಳವನ್ನು ಅಲ್ಲೇ ಬಿಟ್ಟು ‘ಬ್ವೇನಾ ಸ್ವೆರ್ತೆ’ ಎನ್ನಬೇಕು. ಸೀನಿದಾಗ ‘ಸಲೂದ್’, ‘ಸಲೂತೆ’. ಸ್ಪೇನಿನಲ್ಲಿ ‘ಖೆಸೂಸ್’ ಎಂದೂ ಹೇಳುತ್ತಾರೆ. ಹೊರಡುವಾಗಿನ ‘ಅಸ್ತಾ ಲ್ವೇಗೊ’ ಎಂಬುದರ ಅಕ್ಷರಾರ್ಥ ‘ಆಮೇಲೆ ಸಿಗೋಣ’ ಎಂದಾದರೂ ಮತ್ತೆಂದೂ ನೋಡದ ಅಂಗಡಿಯವರಿಗೂ ಸ್ಪೇನಿನಲ್ಲಿ ಅದನ್ನು ಹೇಳುತ್ತಾರೆ. ಹೋಗುವಾಗ ‘ಬರ್ತೀನಿ’ ಎನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಪೇನಿನಲ್ಲಿ ಕಲಿತ ಮಾತು ಮೆಕ್ಸಿಕೊದಲ್ಲಿ ನಡೆಯುತ್ತದೆಯೇ?

ಬಹುಪಾಲು ನಡೆಯುತ್ತದೆ. ಆದರೆ ಸ್ಪೇನಿನಲ್ಲಿ ಬಸ್ಸು ‘ಹಿಡಿಯಲು’ ಬಳಸುವ ‘ಕೊಖೇರ್’ ಎಂಬ ಕ್ರಿಯಾಪದ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ. ಅಲ್ಲಿ ‘ತೊಮಾರ್’ ಎನ್ನಬೇಕು. ಫೋನ್ ಎತ್ತಿದಾಗ ಸ್ಪೇನಿನವರು ‘ದೀಗಾ’ ಎಂದರೆ ಮೆಕ್ಸಿಕೊದವರು ‘ಬ್ವೇನೊ’ ಎನ್ನುತ್ತಾರೆ. ಮೆಕ್ಸಿಕೊದ ‘ಆಓರಿತಾ’ ಎಂದರೆ ‘ಈಗಲೇ’ ಎಂದೂ ಆಗಬಹುದು, ‘ಈಗ ಬಂದೆ’ ಎಂದು ಹೋದವರು ಮರಳಿ ಬರುವಷ್ಟು ಹೊತ್ತೂ ಆಗಬಹುದು.

ಅನುವಾದ ಯಂತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

2006ರಲ್ಲಿ ಶುರುವಾದ ಗೂಗಲ್ ಟ್ರಾನ್ಸ್‌ಲೇಟ್‌ಗೆ 2011ರಲ್ಲಿ ಕನ್ನಡ ಸೇರಿತು. 2016ರಿಂದ ನರಜಾಲ ಆಧಾರಿತ ವಿಧಾನ ಬಂದ ಮೇಲೆ ಅದರ ಅನುವಾದ ಬಹಳ ಸುಧಾರಿಸಿದೆ. ಆದರೂ ಯಂತ್ರಾನುವಾದದಲ್ಲಿ ಎರಡು ಭಾಷೆಗಳ ನಡುವೆ ಇಂಗ್ಲಿಷನ್ನು ಸೇತುವೆಯಾಗಿ ಬಳಸುವ ಪದ್ಧತಿ ಬಹುಕಾಲದಿಂದ ಇದೆ. ಆ ಸೇತುವೆ ದಾಟುವಾಗ ‘ಉಸ್ತೇದ್’ ಎಂಬುದು ‘ಯೂ’ ಆಗಿ, ಆಚೆ ದಡದಲ್ಲಿ ‘ತೂ’ ಆಗಿ ಇಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ಬಂದ ಉತ್ತರವನ್ನು ತಿರುಗಿ ಇಂಗ್ಲಿಷಿಗೆ ಅನುವಾದಿಸಿ ಪರೀಕ್ಷಿಸುವವರಿದ್ದಾರೆ; ಅದರಿಂದ ದೊಡ್ಡ ತಪ್ಪು ತಿಳಿದೀತೇ ಹೊರತು ಮರ್ಯಾದೆಯ ತಪ್ಪು ತಿಳಿಯದು, ಏಕೆಂದರೆ ಎರಡೂ ರೂಪಗಳು ಮತ್ತೆ ಅದೇ ‘ಯೂ’ ಆಗುತ್ತವೆ. ಒಂಟಿ ಮಾತನ್ನು ಕೊಡುವ ಬದಲು ಸಂದರ್ಭ ತಿಳಿಯುವಂತೆ ಹಿಂದುಮುಂದಿನ ಒಂದು ವಾಕ್ಯವನ್ನೂ ಸೇರಿಸಿ ಕೊಟ್ಟರೆ ಫಲ ಉತ್ತಮವಾಗಿರುತ್ತದೆ.

ಬರೆಯುವಾಗ ಗಮನಿಸಬೇಕಾದದ್ದೇನು? ಮುಖ್ಯವಾಗಿ ಹಚ್ಚೆ ಹಾಕಿಸಿಕೊಳ್ಳುವವರು?

ಸ್ಪ್ಯಾನಿಷಿನಲ್ಲಿ ಪ್ರಶ್ನೆಯ ಮೊದಲಿಗೆ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಬೇಕು. ಸ್ಪ್ಯಾನಿಷ್ ಅಕಾಡೆಮಿ 1754ರಲ್ಲಿ ಈ ಕ್ರಮವನ್ನು ತಂದಿತು. ‘ಆನ್ಯೊ’ ಎಂದರೆ ವರ್ಷ. ಅದರ ನಡುವಿನ ಅಕ್ಷರದ ಮೇಲಿನ ಅಲೆಗೆರೆ ಬಿಟ್ಟುಹೋದರೆ ‘ಆನೊ’ ಆಗಿ ಗುದದ್ವಾರ ಎಂಬ ಅರ್ಥ ಬರುತ್ತದೆ. ವಯಸ್ಸು ಬರೆಯುವಾಗ ಇದು ಎಷ್ಟು ಅಭಾಸವೆಂದು ಹೇಳಬೇಕಾಗಿಲ್ಲ. ಇಟಾಲಿಯನ್ನಿನಲ್ಲಿ ಇದೇ ಅಪಾಯ ಒತ್ತಕ್ಷರದಿಂದ ಬರುತ್ತದೆ: ವರ್ಷ ‘ಆನ್ನೊ’, ಒತ್ತು ಹೋದರೆ ಅದೇ ‘ಆನೊ’. ‘ಸೇತೆ’ ಬಾಯಾರಿಕೆ, ‘ಸೆತ್ತೆ’ ಏಳು. ‘ಕಪೆಲ್ಲೊ’ ಕೂದಲು, ‘ಕಪ್ಪೆಲ್ಲೊ’ ಟೋಪಿ. ಕತೆಗೂ ಕತ್ತೆಗೂ ಭೇದ ಬಲ್ಲ ಕಿವಿಗೆ ಈ ಒತ್ತುಗಳು ಸುಲಭವಾಗಿ ಕೇಳಿಸುತ್ತವೆ, ಬರೆಯುವಾಗ ಮಾತ್ರ ಅಕ್ಷರ ಎಣಿಸಿ ನೋಡಬೇಕು. ಪದದ ಕೊನೆಯ ಸ್ವರದ ಮೇಲಿನ ಗೀಟು ಬಿಟ್ಟರೆ ಇಟಲಿಯ ‘ಪಪಾ’, ಅಂದರೆ ಅಪ್ಪ, ‘ಪಾಪಾ’ ಆಗಿ ಪೋಪ್ ಗುರುಗಳಾಗುತ್ತಾರೆ. ಹಚ್ಚೆ ಹಾಕಿಸಿಕೊಳ್ಳುವವರು ಆ ಭಾಷೆಯನ್ನು ಮನೆಯಲ್ಲಿ ಆಡುವ ಇಬ್ಬರಿಗಾದರೂ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ, ಬರಹವನ್ನು ತೋರಿಸಿ ‘ಇದನ್ನು ಓದಿದರೆ ನಿಮಗೆ ಏನನ್ನಿಸುತ್ತದೆ’ ಎಂದು ಕೇಳುವುದು ಒಳ್ಳೆಯದು. ‘ಇದು ಸರಿಯೇ’ ಎಂದು ಕೇಳಿದರೆ ಜನ ದಾಕ್ಷಿಣ್ಯಕ್ಕೆ ಹೌದೆಂದುಬಿಡುತ್ತಾರೆ.